ಬಾತುಕೋಳಿಯ ಬಾಲದ ಕೆಳಗೆ ಒದ್ದೆಯಿದ್ದರೆ: ಹೊಟ್ಟೆ ಮತ್ತು ಹಿಂಬಾಗಿಲಿನ ತೊಂದರೆಗೆ ಮನೆಯಲ್ಲೇ ಏನು ಮಾಡಬಹುದು

ಹೋದ ಮಳೆಗಾಲದ ಒಂದು ಸಂಜೆ. ನಮ್ಮ ಆರು ಬಾತುಗಳು ತೋಟದ ಹೊಂಡದಿಂದ ಮೇಲೆ ಬಂದು ಮೈ ಕೊಡವಿಕೊಂಡವು. ಐದರ ಮೈ ಗಳಿಗೆಯಲ್ಲಿ ಒಣಗಿತು. ಕಪ್ಪಿಯ ಬಾಲದ ಕೆಳಗೆ ಮಾತ್ರ ಪುಕ್ಕ ಒದ್ದೆಯಾಗಿ ಜಡೆ ಕಟ್ಟಿಕೊಂಡಿತ್ತು. ನೀರಲ್ಲಿ ಇದ್ದದ್ದಲ್ವಾ, ಒಣಗುತ್ತೆ ಅಂತ ಸುಮ್ಮನಾದೆ. ಮಾರನೇ ದಿನ ಎತ್ತಿ ನೋಡಿದರೆ ಪುಕ್ಕದ ಬುಡದಲ್ಲಿ ಅಕ್ಕಿ ನುಚ್ಚಿನ ಹಾಗೆ ನೊಣದ ಮೊಟ್ಟೆ. ಎರಡು ಕಡೆ ಹುಳ ಆಗಲೇ ಒಡೆದು ಓಡಾಡುತ್ತಿತ್ತು. ಕಪ್ಪಿ ಆವತ್ತು ಬೆಳಗ್ಗೆಯೂ ಮೊದಲಿನ ಹಾಗೇ ಓಡಿ ಬಂದು ತೌಡು ತಿಂದಿತ್ತು.

ಬಾತು ಹೀಗೇ. ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಆದರೆ ಅದು ದಿನವಿಡೀ ನೀರಲ್ಲಿದ್ದರೂ ಬಾಲದ ಕೆಳಗೆ ಒಣಗಿ ಚೊಕ್ಕಟವಾಗಿರಬೇಕು. ಒದ್ದೆ, ಕೊಳೆ, ವಾಸನೆ ಈ ಮೂರರಲ್ಲಿ ಯಾವುದು ಕಂಡರೂ ಒಳಗೆ ಏನೋ ಕೆಟ್ಟಿದೆ ಎಂದೇ ತಿಳಿಯಿರಿ.

ಪುಸ್ತಕಗಳಲ್ಲಿ ಗುದದ್ವಾರ ಅಂತ ಬರೆಯುತ್ತಾರೆ. ನಾನಿಲ್ಲಿ ಹಿಂಬಾಗಿಲು ಅಂತಲೇ ಬರೆಯುತ್ತೇನೆ, ಏಕೆಂದರೆ ಹಕ್ಕಿಗೆ ಅದು ಬರೀ ಗುದ ಅಲ್ಲ. ಹಿಕ್ಕೆ, ಮೂತ್ರ, ಮೊಟ್ಟೆ ಎಲ್ಲಕ್ಕೂ ಅದೊಂದೇ ಬಾಗಿಲು. ಗಂಡು ಬಾತಿನ ಜನನಾಂಗ ಹೊರಬರುವುದೂ ಅಲ್ಲಿಂದಲೇ. ಹಾಗಾಗಿ ಹೊಟ್ಟೆಯ ತೊಂದರೆಯೂ ಮೊಟ್ಟೆಯ ತೊಂದರೆಯೂ ಅಲ್ಲೇ ಕಾಣಿಸುತ್ತವೆ.

ಮೊದಲು ಎತ್ತುವುದನ್ನು ಕಲಿಯಿರಿ

ಕೋಳಿಯ ಹಾಗೆ ಕಾಲು ಹಿಡಿದು ತಲೆಕೆಳಗಾಗಿ ಎತ್ತಬೇಡಿ. ಬಾತಿನ ಕಾಲು ಮೈಭಾರ ಹೊರುವುದಕ್ಕೇ ಕಷ್ಟಪಡುವಂಥದ್ದು, ಎಳೆದರೆ ಉಳುಕುತ್ತದೆ, ಮುರಿಯಲೂಬಹುದು. ರೆಕ್ಕೆ ಹಿಡಿದೂ ಎತ್ತಬಾರದು. ನೀರಿನ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಳ್ಳುತ್ತೀರಲ್ಲ, ಹಾಗೆ. ತಲೆ ನಿಮ್ಮ ಬೆನ್ನಿನ ಕಡೆ, ಬಾಲ ಮುಂದಕ್ಕೆ. ಒಂದು ತೋಳು ರೆಕ್ಕೆಗಳನ್ನು ಒತ್ತಿಹಿಡಿಯಲಿ, ಅಂಗೈ ಹೊಟ್ಟೆಯ ಕೆಳಗಿರಲಿ. ಈಗ ಇನ್ನೊಂದು ಕೈ ಖಾಲಿ ಉಳಿಯುತ್ತದೆ, ಬಾಲ ಎತ್ತಿ ನೋಡಬಹುದು. ಎತ್ತಿದ ಕೂಡಲೇ ಹಿಕ್ಕೆ ಹಾರಿಸುವುದು ಬಾತಿನ ಧರ್ಮ. ಹಳೆಯ ಬಟ್ಟೆ ಹಾಕಿಕೊಂಡೇ ಈ ಕೆಲಸಕ್ಕೆ ಇಳಿಯಿರಿ.

ಆರೋಗ್ಯವಂತ ಹಿಂಬಾಗಿಲು ತಿಳಿ ಗುಲಾಬಿ ಬಣ್ಣಕ್ಕಿರುತ್ತದೆ, ಸ್ವಲ್ಪ ತೇವವಾಗಿರುತ್ತದೆ. ಮೊಟ್ಟೆ ಇಡುವ ಹೆಣ್ಣಿನದ್ದು ಅಗಲವಾಗಿ ಮೆತ್ತಗಿರುತ್ತದೆ, ಇಡದಿರುವುದರದ್ದು ಚಿಕ್ಕದಾಗಿ ಮುದುಡಿರುತ್ತದೆ. ಬಾಲದ ಬುಡದಲ್ಲಿ, ಮೇಲ್ಭಾಗಕ್ಕೆ, ಒಂದು ಗಂಟು ಕೈಗೆ ಸಿಗುತ್ತದೆ. ಅದು ಕುರು ಅಲ್ಲ. ಬಾತು ಕೊಕ್ಕಿನಿಂದ ಎಣ್ಣೆ ತೆಗೆದು ಪುಕ್ಕಕ್ಕೆ ಸವರಿಕೊಳ್ಳುವ ಗ್ರಂಥಿ ಅದು. ಹಿಂಡಲು ಹೋಗಬೇಡಿ.

ವಾರಕ್ಕೊಮ್ಮೆ ಪ್ರತಿಯೊಂದನ್ನೂ ಹೀಗೆ ಎತ್ತಿ ನೋಡಿದರೆ ಸಾಕು. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ.

ಹಿಕ್ಕೆ ಏನು ಹೇಳುತ್ತದೆ

ಕೋಳಿ ಸಾಕಿ ಬಂದವರು ಮೊದಲ ವಾರದಲ್ಲೇ ಗಾಬರಿಯಾಗುತ್ತಾರೆ: ಬಾತಿಗೆ ಭೇದಿ ಹತ್ತಿದೆ ಅಂತ. ಬಾತಿನ ಹಿಕ್ಕೆ ಸಹಜವಾಗಿಯೇ ನೀರುನೀರು. ಕಂದು ಅಥವಾ ಹಸಿರುಗಪ್ಪು ಬಣ್ಣ, ಅದರ ಮೇಲೊಂದಿಷ್ಟು ಬಿಳಿ. ಆ ಬಿಳಿ ಮೂತ್ರದ ಭಾಗ. ನಡುವೆ ಕೆಲವು ಸಲ ಅಂಟಂಟಾದ, ಮೂಗು ಮುಚ್ಚುವಂಥ ಕಂದು ಹಿಕ್ಕೆ ಬರುತ್ತದೆ, ಅದೂ ಸಹಜವೇ. ಕಾವಿಗೆ ಕೂತ ಬಾತು ದಿನಕ್ಕೆ ಒಂದೋ ಎರಡೋ ಸಲ ಎದ್ದು, ದೊಡ್ಡ ಮುದ್ದೆಯಷ್ಟು ಗಬ್ಬು ಹಿಕ್ಕೆ ಹಾಕಿ ವಾಪಸ್ ಹೋಗಿ ಕೂರುತ್ತದೆ. ಬೀಟ್‌ರೂಟ್ ಸಿಪ್ಪೆ ತಿಂದ ದಿನ ಕೆಂಪಗೆ ಹೋಗಬಹುದು. ಕಲ್ಲಂಗಡಿ ತಿಂದ ದಿನ ಬರೀ ನೀರು.

ಹೆದರಬೇಕಾದದ್ದು ಬೇರೆ. ಹೊಳೆಯುವ ಹಸಿರು ಹಿಕ್ಕೆ ಒಂದು ದಿನ ದಾಟಿ ಮುಂದುವರಿದರೆ, ಬಾತು ಏನೂ ತಿನ್ನುತ್ತಿಲ್ಲ ಎಂದು ಅರ್ಥ. ಹೊಟ್ಟೆ ಖಾಲಿಯಿದ್ದಾಗ ಪಿತ್ತ ಮಾತ್ರ ಹೊರಬರುತ್ತದೆ. ಸೀಸ, ಸತುವಿನ ಚೂರು ನುಂಗಿದಾಗಲೂ ಹೀಗೇ ಆಗುತ್ತದೆ. ರಕ್ತ ಕಂಡರೆ, ಸುಣ್ಣದ ತಿಳಿಯ ಹಾಗೆ ಬರೀ ಬಿಳಿ ಹೋದರೆ, ಹಳದಿ ನೊರೆ ಬಂದರೆ ಅವತ್ತೇ ವೈದ್ಯರಿಗೆ ತೋರಿಸಬೇಕು. ಹಿಕ್ಕೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಹಿಕ್ಕೆಯ ಚಿತ್ರ ಇಟ್ಟುಕೊಂಡು ಓಡಾಡುವುದು ನಗೆಪಾಟಲೇ, ಆದರೆ ನಿಮ್ಮ ಅರ್ಧ ಗಂಟೆಯ ವರ್ಣನೆಗಿಂತ ಡಾಕ್ಟರಿಗೆ ಅದೇ ಉಪಯೋಗ.

ಏನೇ ಆಗಿರಲಿ, ಮೊದಲು ಇಷ್ಟು ಮಾಡಿ

ಬಾತನ್ನು ಗುಂಪಿನಿಂದ ಬೇರೆ ಮಾಡಿ. ದೊಡ್ಡ ರಟ್ಟಿನ ಪೆಟ್ಟಿಗೆ, ಬುಟ್ಟಿ, ನಾಯಿಯ ಬೋನು ಯಾವುದಾದರೂ ಆದೀತು. ಕೆಳಗೆ ಹಳೆಯ ಟವೆಲ್ ಹಾಸಿ. ಭತ್ತದ ಹೊಟ್ಟು ಬೇಡ, ಒದ್ದೆ ಗಾಯಕ್ಕೆ ಅಂಟಿಕೊಳ್ಳುತ್ತದೆ. ಟವೆಲ್ ಮೇಲಾದರೆ ಹಿಕ್ಕೆಯ ಬಣ್ಣವೂ ಕಾಣುತ್ತದೆ. ಗಾಳಿ ಮಳೆ ತಾಗದ ಜಾಗದಲ್ಲಿಟ್ಟು, ಒಂದು ಬದಿಗೆ ಮಾತ್ರ ಬಲ್ಬಿನ ಬಿಸಿ ಬರುವ ಹಾಗೆ ಮಾಡಿ. ಸೆಕೆಯಾದರೆ ಅದು ಇನ್ನೊಂದು ಬದಿಗೆ ಸರಿಯಲಿ. ಒಂದನ್ನೇ ಕೂಡಿಟ್ಟರೆ ಬಾತು ಒಂಟಿತನಕ್ಕೇ ಊಟ ಬಿಡುತ್ತದೆ. ಗುಂಪಿನ ಸದ್ದು ಕೇಳುವಷ್ಟು ಹತ್ತಿರ ಇಡಿ. ಆದರೆ ಅಂಟುರೋಗದ ಅನುಮಾನ ಇದ್ದರೆ ಈ ಕರುಣೆ ಬೇಡ, ದೂರವೇ ಇಡಿ.

ಆಮೇಲೆ ಬಿಸಿನೀರ ತೊಟ್ಟಿ. ಬಾಣಂತಿಗೆ ಹಾಕುವ ಬಿಸಿ ಅಲ್ಲ, ಎಳೆ ಮಗುವಿಗೆ ಮೀಯಿಸುವಷ್ಟು ಬೆಚ್ಚಗಿನ ನೀರು. ಮೊಣಕೈ ಅದ್ದಿ ನೋಡಿದರೆ ಹಿತವಾಗಿರಬೇಕು. ಲೀಟರಿಗೆ ಸುಮಾರು 9 ಗ್ರಾಂ, ಅಂದರೆ ಟೀ ಚಮಚದಲ್ಲಿ ಒಂದೂವರೆ ಚಮಚ ಪುಡಿ ಉಪ್ಪು ಕರಗಿಸಿ. ಬಾತಿನ ಹಿಂಭಾಗ ಮುಳುಗುವಷ್ಟು ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ. ಆ ನೀರು ಕುಡಿಯದ ಹಾಗೆ ನೋಡಿಕೊಳ್ಳಿ. ನೆನೆದ ಕೊಳೆ ತಾನಾಗಿ ಬಿಡುತ್ತದೆ. ಬಿಡದ ಜಡೆಯನ್ನು ಕತ್ತರಿಯಿಂದ ಕತ್ತರಿಸಿ, ಎಳೆಯಬೇಡಿ. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಪುಕ್ಕದ ಜೊತೆಗೇ ಕಿತ್ತು ಬರುತ್ತದೆ. ಮಿಂದ ಮೇಲೆ ಪೂರ್ತಿ ಒಣಗಿಸುವುದು ಮೀಯಿಸಿದಷ್ಟೇ ಮುಖ್ಯ. ಕಾಯಿಲೆಯ ಬಾತಿಗೆ ತನ್ನ ಪುಕ್ಕ ತಾನೇ ಒಣಗಿಸಿಕೊಳ್ಳುವ ತ್ರಾಣ ಇರುವುದಿಲ್ಲ.

ಕುಡಿಯಲು ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಸಾಕು. ಮನುಷ್ಯರಿಗೆ ಹೇಳಿದ್ದಕ್ಕಿಂತ ಎರಡರಷ್ಟು ನೀರು ಸೇರಿಸಿ ತೆಳು ಮಾಡಿ, ಒಂದು ದಿನ ಮಾತ್ರ ಇಡಿ. ಪಕ್ಕದಲ್ಲಿ ಬರೀ ನೀರಿನ ಪಾತ್ರೆಯೂ ಇರಲಿ.

ಇಲ್ಲೊಂದು ನನ್ನದೇ ತಪ್ಪು ಹೇಳಬೇಕು. ನಾನು ಸಾಕಿದ ಮೊದಲ ಬಾತು ಸೋತು ಮಲಗಿದ್ದಾಗ ಸಿರಿಂಜಿನಲ್ಲಿ ನೀರು ತುಂಬಿ ಬಾಯಿಗೆ ಒತ್ತಿದೆ. ಕೆಮ್ಮಿದ ಹಾಗೆ ಮಾಡಿ ಐದು ನಿಮಿಷದಲ್ಲಿ ಸತ್ತಿತು. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ತೆರೆದಿರುತ್ತದೆ, ನೀರು ನೇರ ಅದಕ್ಕೇ ಹೋಗಿತ್ತು. ಈಗ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸುತ್ತೇನೆ. ಅದು ತಾನಾಗಿ ನುಂಗಿದರೆ ಸರಿ. ನುಂಗದಿದ್ದರೆ ಗಂಟಲಿಗೆ ನಳಿಗೆ ಹಾಕುವುದು ವೈದ್ಯರ ಕೆಲಸ.

ಹುಳ ಬಿದ್ದಿದ್ದರೆ

ಮೊಟ್ಟೆಯಾಗಿದ್ದದ್ದು ಹುಳವಾಗಲು ಒಂದು ದಿನವೂ ಬೇಡ. ಮಲೆನಾಡು ಕರಾವಳಿಯ ಮಳೆಗಾಲದಲ್ಲಂತೂ ಬೆಳಗ್ಗೆ ನೋಡಿದ್ದು ಸಂಜೆಗೆ ಬೇರೆಯೇ ಆಗಿರುತ್ತದೆ. ಸುತ್ತಲಿನ ಪುಕ್ಕ ಕತ್ತರಿಸಿ, ಉಪ್ಪುನೀರನ್ನು ಸಿರಿಂಜಿನಲ್ಲಿ ಚಿಮ್ಮಿಸಿ ತೊಳೆಯಿರಿ. ಕಂಡ ಹುಳವನ್ನೆಲ್ಲ ಚಿಮಟದಿಂದ ಹೆಕ್ಕಿ. ಬೆಳಕಿನಿಂದ ಅವು ಒಳಕ್ಕೆ ಸರಿಯುತ್ತವೆ. ಹಾಗಾಗಿ ಒಂದು ಗಂಟೆ ಬಿಟ್ಟು ಮತ್ತೆ ನೋಡಿ, ಮತ್ತೆ ತೊಳೆಯಿರಿ. ಕೊನೆಗೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಹಚ್ಚಿ. ಹುಳ ಹಿಂಬಾಗಿಲಿನ ಒಳಗೇ ಇಳಿದಿದ್ದರೆ ಮನೆಯಲ್ಲಿ ಆಗುವ ಕೆಲಸ ಅಲ್ಲ.

ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್, ಸೀಮೆಎಣ್ಣೆ, ಫಿನೈಲ್ ಇವನ್ನು ಇಲ್ಲಿ ತರಲೇಬೇಡಿ. ನಮ್ಮತ್ತೆ ಕರ್ಪೂರದ ಎಣ್ಣೆ ಹಿಡಿದುಕೊಂಡೇ ಬಂದಿದ್ದರು. ‘ಹಸುವಿಗೆ ಹಾಕಿದ್ರೆ ವಾಸಿಯಾಗುತ್ತಲ್ಲೇ’ ಅಂದರು. ಹಸು ನಾನೂರು ಕಿಲೋ ಅತ್ತೆ, ಇದು ಎರಡು ಕಿಲೋ ಅಂದೆ. ಆಮೇಲೆ ಕಪ್ಪಿಯನ್ನು ಅವರೇ ತೊಡೆಯ ಮೇಲೆ ಹಿಡಿದುಕೊಂಡು ಕೂತರು, ನಾನು ಹುಳ ಹೆಕ್ಕಿದೆ. ನಲವತ್ತರವರೆಗೆ ಎಣಿಸಿ ಬಿಟ್ಟೆ.

ಹುಳ ಹೋಯಿತು ಎಂದರೆ ಕೆಲಸ ಮುಗಿಯಿತು ಅಂತಲ್ಲ. ಅಲ್ಲಿ ಒದ್ದೆ ಯಾಕಾಯಿತು ಎನ್ನುವುದು ಮುಂದಿನ ಪ್ರಶ್ನೆ. ಕಪ್ಪಿಗೆ ಇದ್ದದ್ದು ಹಿಂಬಾಗಿಲಿನ ಸೋಂಕು. ಬಿಳಿ ಹಳದಿ ಲೋಳೆ, ಹುಳಿ ಹಿಡಿದ ಹಿಟ್ಟಿನ ವಾಸನೆ, ಸುತ್ತ ಕೆಂಪಗಾದ ಚರ್ಮ ಇದರ ಗುರುತು. ಹೆಚ್ಚಾಗಿ ಬೂಸ್ಟಿನ ಜಾತಿಯ ಸೋಂಕು ಇರುತ್ತದೆ. ದಿನಕ್ಕೆರಡು ಸಲ ತೊಳೆದು ಅದೇ ತೆಳು ಅಯೋಡಿನ್ ಹಚ್ಚುತ್ತ ಬಂದರೆ ಚಿಕ್ಕ ಸೋಂಕು ಇಳಿಯುತ್ತದೆ. ಮೂರು ದಿನದಲ್ಲಿ ಇಳಿಯದಿದ್ದರೆ ಲೋಳೆ ಪರೀಕ್ಷೆ ಮಾಡಿಸಿ. ಅದು ಬೂಸ್ಟೋ ಬ್ಯಾಕ್ಟೀರಿಯವೋ ಗೊತ್ತಾಗದೆ ಅಂಗಡಿಯಿಂದ ಆ್ಯಂಟಿಬಯೋಟಿಕ್ ಪುಡಿ ತಂದು ನೀರಿಗೆ ಹಾಕಿದರೆ ಬೂಸ್ಟು ಜಾಸ್ತಿಯೇ ಆಗುತ್ತದೆ.

ಒಳಗಿನದು ಹೊರಗೆ ಬಂದಿದ್ದರೆ

ಹಸು ಕರು ಹಾಕಿದ ಮೇಲೆ ಗರ್ಭಕೋಶ ಹೊರಬಿದ್ದದ್ದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಬಾತಿನ ಹಿಂಬಾಗಿಲಲ್ಲಿ ಕೆಂಪು, ಒದ್ದೆ, ಟೊಮೆಟೊ ತಿರುಳಿನಂಥ ಮುದ್ದೆ ನೇತಾಡುತ್ತದೆ. ಹೊಸದಾಗಿ ಮೊಟ್ಟೆ ಹಿಡಿದವಕ್ಕೆ, ತುಂಬ ದಪ್ಪಗಿರುವವಕ್ಕೆ, ಸುಣ್ಣದ ಅಂಶ ಸಾಲದವಕ್ಕೆ ಹೆಚ್ಚು. ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಕೊಡಬಲ್ಲ ಖಾಕಿ ಕ್ಯಾಂಪ್‌ಬೆಲ್‌ನಂಥ ತಳಿಯಲ್ಲಿ ಇದಕ್ಕೊಂದು ಕಣ್ಣಿಟ್ಟಿರಬೇಕು.

ಬೇರೆ ಬಾತುಗಳು ಆ ಕೆಂಪನ್ನು ಕುಕ್ಕಿ ಕರುಳನ್ನೇ ಎಳೆದುಬಿಡುತ್ತವೆ. ಹಾಗಾಗಿ ಕಂಡ ಕೂಡಲೇ ಎತ್ತಿಕೊಳ್ಳಿ. ಬೆಚ್ಚಗಿನ ಉಪ್ಪುನೀರಿನಲ್ಲಿ ಮಣ್ಣು ಕಸ ಹೋಗುವ ಹಾಗೆ ತೊಳೆಯಿರಿ. ಮುದ್ದೆ ಊದಿಕೊಂಡಿದ್ದರೆ ಸಕ್ಕರೆಯನ್ನು ನೀರಿನಲ್ಲಿ ಗಟ್ಟಿ ಪಾಕದಷ್ಟು ಕಲಸಿ ಮೇಲೆ ಸವರಿ, ಹತ್ತು ಹದಿನೈದು ನಿಮಿಷ ಬಿಡಿ. ಸಕ್ಕರೆ ಊತದ ನೀರನ್ನು ಎಳೆದು ಕುಗ್ಗಿಸುತ್ತದೆ. ಜೇನುತುಪ್ಪವೂ ಆದೀತು. ಮತ್ತೆ ತೊಳೆದು, ಕೈಗವಸು ಹಾಕಿ, ಪೆಟ್ರೋಲಿಯಂ ಜೆಲ್ಲಿ ಸವರಿ, ಬೆರಳಿನ ತುದಿಯಿಂದ ಅಲ್ಲ, ಬೆರಳಿನ ಮೆತ್ತನೆ ಭಾಗದಿಂದ ನಿಧಾನ ಒಳಕ್ಕೆ ಒತ್ತಿ. ಬಾತು ತಿಣುಕಿದಾಗ ನಿಲ್ಲಿಸಿ, ಉಸಿರು ಬಿಟ್ಟಾಗ ಒತ್ತಿ. ಒಳಗೆ ಹೋದ ಮೇಲೆ ಎರಡು ನಿಮಿಷ ಹಾಗೇ ಹಿಡಿದುಕೊಳ್ಳಿ. ಒತ್ತುವ ಮುಂಚೆ ಒಳಗೆ ಮೊಟ್ಟೆ ಇದೆಯಾ ಅಂತ ಹೊಟ್ಟೆ ಮುಟ್ಟಿ ನೋಡಿರಬೇಕು. ಇದ್ದರೆ ಒತ್ತಬೇಡಿ, ಆಸ್ಪತ್ರೆಗೆ ಹೊರಡಿ.

ಮೂಲವ್ಯಾಧಿಯ ಮುಲಾಮು ಹಚ್ಚಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಮ್ಮಲ್ಲಿ ಸಿಗುವ ಹಲವು ಮುಲಾಮುಗಳಲ್ಲಿ ಲಿಗ್ನೊಕೇನ್‌ನಂಥ ಮರಗಟ್ಟಿಸುವ ಔಷಧ ಇರುತ್ತದೆ, ಹಕ್ಕಿಗಳಿಗೆ ಅದು ಸ್ವಲ್ಪ ಹೆಚ್ಚಾದರೂ ಅಪಾಯ. ಬೇಡವೇ ಬೇಡ.

ಆಮೇಲೆ ಒಂದು ವಾರ ಮೊಟ್ಟೆ ನಿಲ್ಲಿಸುವುದು ಗುರಿ. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಬೆಳಕು ಬೀಳದ ಕೋಣೆಯಲ್ಲಿಡಿ. ಮತ್ತೆ ಮತ್ತೆ ಹೊರಬಂದರೆ, ಮುದ್ದೆ ಕಪ್ಪಾಗಿದ್ದರೆ, ಹರಿದಿದ್ದರೆ ಹೊಲಿಗೆ ಹಾಕುವ ಮಾತು. ವೈದ್ಯರೇ ನೋಡಬೇಕು.

ಗಂಡಿನದ್ದು ಬೇರೆ ಕಥೆ. ಕೋಳಿ ಹುಂಜಕ್ಕಿಲ್ಲದ ಜನನಾಂಗ ಬಾತಿಗಿದೆ, ಬೋರ್‌ವೆಲ್ ಸ್ಕ್ರೂ ಹಾಗೆ ಸುರುಳಿ ಸುತ್ತಿದ್ದು. ಅದು ಕೆಲವು ಸಲ ಕೂಡಿದ ಮೇಲೆ ಒಳಗೆ ಹೋಗದೆ ನೇತಾಡುತ್ತಾ ನೆಲಕ್ಕೆ ಎಳೆದಾಡುತ್ತದೆ. ಉಪಚಾರ ಮೇಲೆ ಹೇಳಿದ್ದೇ: ತೊಳೆ, ಸಕ್ಕರೆ, ಜೆಲ್ಲಿ, ಒಳಗೆ. ಜೊತೆಗೆ ಕೆಲವು ವಾರ ಹೆಣ್ಣುಗಳ ಕಣ್ಣಿಗೆ ಬೀಳದಂತೆ ಇಡಬೇಕು. ಒಣಗಿ ಕಪ್ಪಾಗಿದ್ದರೆ ವೈದ್ಯರು ಕತ್ತರಿಸಿ ತೆಗೆಯುತ್ತಾರೆ. ಬಾತಿನ ಮೂತ್ರ ಅದರ ಮೂಲಕ ಹೋಗುವುದಿಲ್ಲ, ಹಾಗಾಗಿ ಅದು ಆರಾಮಾಗಿ ಬದುಕುತ್ತದೆ. ಸಂತಾನ ಮಾತ್ರ ಇಲ್ಲ. ಒಂದು ಗಂಡಿಗೆ ಐದಾರು ಹೆಣ್ಣು ಇದ್ದರೆ ಎರಡೂ ಕಡೆ ಗಾಯ ಕಡಿಮೆ.

ಮೊಟ್ಟೆ ಸಿಕ್ಕಿಕೊಂಡರೆ

ಬಾತು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತದೆ, ಬಾಲ ಮೇಲೆ ಕೆಳಗೆ ಆಡಿಸುತ್ತದೆ, ತಿಣುಕುತ್ತದೆ, ಗೂಡಿಗೆ ಹೋಗಿ ಬಂದು ಮಾಡುತ್ತದೆ. ಬಿಸಿನೀರ ತೊಟ್ಟಿಯಲ್ಲಿ ಅರ್ಧ ಗಂಟೆ ಕೂರಿಸಿ, ಹಿಂಬಾಗಿಲಿಗೆ ಜೆಲ್ಲಿ ಹಚ್ಚಿ, ಕತ್ತಲು ಬೆಚ್ಚಗಿನ ಜಾಗದಲ್ಲಿ ಬಿಡಿ. ಬಹಳ ಸಲ ಅಷ್ಟರಲ್ಲೇ ಇಡುತ್ತದೆ. ಸಂಜೆಯೊಳಗೆ ಇಡದಿದ್ದರೆ ಕ್ಯಾಲ್ಸಿಯಂ ಇಂಜೆಕ್ಷನ್ ಬೇಕಾದೀತು. ಹೊಟ್ಟೆ ಒತ್ತಿ ಮೊಟ್ಟೆ ಇಳಿಸಲು ಹೋಗಬೇಡಿ. ಒಳಗೆ ಒಡೆದ ಚಿಪ್ಪು ಚೂರಿಯ ಹಾಗೆ ಕೊಯ್ಯುತ್ತದೆ.

ಇದಕ್ಕೆ ಮೊದಲೇ ಮಾಡಬಹುದಾದ ಉಪಾಯ ಅಗ್ಗದ್ದು. ಕಪ್ಪೆಚಿಪ್ಪನ್ನು ಒಣಗಿಸಿ ಕುಟ್ಟಿ, ಬೇರೆಯೇ ಬಟ್ಟಲಲ್ಲಿಡಿ. ಬೇಕಾದ ಹೆಣ್ಣು ಬೇಕಾದಷ್ಟು ತಿನ್ನುತ್ತದೆ. ಎಲ್ಲರ ತಿಂಡಿಗೂ ಬೆರೆಸಬೇಡಿ, ಗಂಡಿಗೂ ಮರಿಗೂ ಅಷ್ಟು ಸುಣ್ಣ ಕಿಡ್ನಿಗೆ ಹೊರೆ.

ಕತ್ತಿನಲ್ಲಿ ಗಂಟು, ಹೊಟ್ಟೆಯಲ್ಲಿ ಮೊಳೆ

ಕೋಳಿಗಿರುವಂಥ ಮೇವಿನ ಚೀಲ ಬಾತಿಗಿಲ್ಲ. ಅನ್ನನಾಳವೇ ಹಿಗ್ಗಿ ತಿಂಡಿ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ಕತ್ತಿನ ಬುಡ ಉಬ್ಬಿದ್ದು ಬೆಳಗ್ಗೆ ಇಳಿದಿದ್ದರೆ ಸರಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲೂ ಗಟ್ಟಿ ಗಂಟಿದ್ದರೆ ಉದ್ದ ಹುಲ್ಲು, ನಾರು, ಪ್ಲಾಸ್ಟಿಕ್ ದಾರ ಸಿಕ್ಕಿಕೊಂಡಿರಬಹುದು. ತಿಂಡಿ ನಿಲ್ಲಿಸಿ, ನೀರು ಕುಡಿಯಲು ಬಿಟ್ಟು, ಗಂಟನ್ನು ಹಿಟ್ಟು ನಾದುವ ಹಾಗೆ ಮೆಲ್ಲಗೆ ತಿಕ್ಕಿ. ತಲೆಕೆಳಗು ಮಾಡಿ ವಾಂತಿ ಮಾಡಿಸಬೇಡಿ. ಅರ್ಧ ದಿನದಲ್ಲಿ ಕರಗದಿದ್ದರೆ ಆಸ್ಪತ್ರೆ.

ಬಾತಿಗೆ ಹೊಳೆಯುವುದೆಲ್ಲ ಬೇಕು. ಮನೆ ರಿಪೇರಿ ಆದ ವರ್ಷ ಹುಷಾರು. ಗಾರೆಯವರು ಬಿಟ್ಟುಹೋದ ಬೈಂಡಿಂಗ್ ವೈರ್ ತುಂಡು, ಮೊಳೆ, ಸ್ಕ್ರೂ, ಜಿಂಕ್ ಶೀಟಿನ ಚೂರು ಎಲ್ಲ ನುಂಗುತ್ತದೆ. ಸ್ಪೀಕರಿನ ಹಳೆಯ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಅಂಗಳದಲ್ಲೆಲ್ಲ ಎಳೆದುಕೊಂಡು ಹೋಗಿ. ನನಗೆ ಒಂದೇ ಸುತ್ತಿಗೆ ಒಂದು ಹಿಡಿ ಸಿಕ್ಕಿತ್ತು. ಹಸಿರು ಹಿಕ್ಕೆ, ಕಾಲು ಸೋಲುವುದು, ಕತ್ತು ಬೀಳುವುದು ಒಟ್ಟಿಗೆ ಕಂಡರೆ ಎಕ್ಸ್‌ರೇ ಇರುವ ಆಸ್ಪತ್ರೆಯೇ ಗತಿ. ಕತ್ತು ಮಾತ್ರ ಬಟ್ಟೆಯ ಹಾಗೆ ಬಿದ್ದಿದ್ದರೆ, ಕೊಳೆತ ನೀರು ಅಥವಾ ಸತ್ತ ಪ್ರಾಣಿಯ ಹುಳ ತಿಂದು ಬೊಟುಲಿಸಂ (ಬ್ಯಾಕ್ಟೀರಿಯದ ವಿಷದಿಂದ ಮೈ ಸೋಲುವ ಕಾಯಿಲೆ) ಆಗಿರುವ ಸಾಧ್ಯತೆ ಹೆಚ್ಚು. ಉಳಿದವನ್ನು ಆ ಹೊಂಡದಿಂದ ಅವತ್ತೇ ದೂರ ಮಾಡಿ.

ಬೂಸ್ಟು ಹಿಡಿದ ತಿಂಡಿ

ನನ್ನ ಪ್ರಕಾರ ನಮ್ಮ ಕಡೆ ಬಾತಿನ ಹೊಟ್ಟೆ ಕೆಡಿಸುವುದರಲ್ಲಿ ಇದಕ್ಕೇ ಮೊದಲ ಜಾಗ. ಮಳೆಗಾಲದಲ್ಲಿ ಮುಗ್ಗಲು ಹಿಡಿದ ತೌಡು, ಜೋಳ, ಶೇಂಗಾ ಹಿಂಡಿಯನ್ನು ದನಕ್ಕೆ ಬೇಡವಾದರೆ ಬಾತಿಗೆ ಅಂತ ಹಾಕುತ್ತಾರೆ. ಆಗಬೇಕಾದದ್ದು ತಿರುವು ಮುರುವು. ಆ ಬೂಸ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಸಾಕುಹಕ್ಕಿ ಇನ್ನೊಂದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಟರ್ಕಿ ಕೋಳಿಗಳು ಸತ್ತವು, ಬಾತುಮರಿಗಳೂ ಸತ್ತವು. ಹುಡುಕಿದಾಗ ಸಿಕ್ಕಿದ್ದು ಶೇಂಗಾ ಹಿಂಡಿಯ ಬೂಸ್ಟು. ಈ ವಿಷ ಪತ್ತೆಯಾದದ್ದೇ ಹಾಗೆ. ಕುದಿಸಿದರೂ ಅದು ಹೋಗುವುದಿಲ್ಲ. ಮೂಗಿಗೆ ಮುಗ್ಗಲು ಬಂತಾ, ಗೊಬ್ಬರದ ಗುಂಡಿಗೆ ಹಾಕಿ.

ಬಸವನಹುಳು ತಿನ್ನಲೆಂದೇ ಅಡಿಕೆ ತೋಟಕ್ಕೆ ಬಾತು ಬಿಡುವವರು ಒಂದು ನೆನಪಿಡಿ: ಆ ಹುಳುವಿನ ಜೊತೆ ಹೊಟ್ಟೆಯ ಜಂತೂ ಬರುತ್ತದೆ. ತಿಂದರೂ ಎದೆಯ ಮೂಳೆ ಚೂಪಾಗುತ್ತ ಹೋದರೆ ಹಿಕ್ಕೆ ಪರೀಕ್ಷೆ ಮಾಡಿಸಿ, ವೈದ್ಯರು ತೂಕ ನೋಡಿ ಹೇಳಿದಷ್ಟೇ ಔಷಧಿ ಕೊಡಿ.

ಮರಿಗಳ ಮಾತು

ಮರಿಯ ಹಿಂಬಾಗಿಲಿಗೆ ಹಿಕ್ಕೆ ಒಣಗಿ ಮೆತ್ತಿಕೊಂಡರೆ ಹತ್ತಿಯನ್ನು ಬಿಸಿನೀರಿಗೆ ಅದ್ದಿ ನೆನೆಸಿ ಒರೆಸಿ. ಒಂದು ಎಚ್ಚರ: ಬಾಲದ ಕೆಳಗೇ ಇರುವುದು ಹಿಂಬಾಗಿಲು. ಅದಕ್ಕಿಂತ ಹೊಟ್ಟೆಯ ಕಡೆಗೆ ಕಪ್ಪು ಹಕ್ಕಳೆ ಅಂಟಿದ್ದರೆ ಅದು ಹೊಕ್ಕುಳು. ಹಿಕ್ಕೆ ಅಂದುಕೊಂಡು ಕಿತ್ತರೆ ಮರಿ ಉಳಿಯುವುದಿಲ್ಲ. ಮೊದಲ ವಾರ 32 ಡಿಗ್ರಿಯಷ್ಟು ಶಾಖ ಇರಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಿ. ಕೋಳಿಮರಿಯ ಫೀಡ್ ಹಾಕುವುದಾದರೆ ಬಾತುಮರಿಗೆ ನಯಾಸಿನ್ ಎಂಬ ಬಿ ವಿಟಮಿನ್ ಎರಡರಷ್ಟು ಬೇಕು ಎನ್ನುವುದು ಗೊತ್ತಿರಲಿ. ಬ್ರೂವರ್ಸ್ ಈಸ್ಟ್ ಬೆರೆಸಿ ಸರಿದೂಗಿಸಬಹುದು. ತಿಂಡಿಯ ಪಕ್ಕ ಮೂಗು ಮುಳುಗುವಷ್ಟು ನೀರು ಇರಲೇಬೇಕು, ಇಲ್ಲದಿದ್ದರೆ ಒಣ ಹಿಟ್ಟು ಗಂಟಲಿಗೆ ಕಟ್ಟುತ್ತದೆ.

ಮುಟ್ಟದೆ ಫೋನ್ ಮಾಡಬೇಕಾದಾಗ

ಎರಡು ಮೂರು ದಿನದೊಳಗೆ ಒಂದಕ್ಕಿಂತ ಹೆಚ್ಚು ಬಾತು ಸತ್ತರೆ ಈ ಲೇಖನ ಬದಿಗಿಡಿ. ಬೆಳಕಿಗೆ ಕಣ್ಣು ಮುಚ್ಚುವುದು, ರೆಪ್ಪೆ ಅಂಟುವುದು, ರಕ್ತ ಬೆರೆತ ಭೇದಿ, ಸತ್ತ ಗಂಡಿನ ಜನನಾಂಗ ಹೊರಬಂದಿರುವುದು ಬಾತು ಪ್ಲೇಗಿನ ಲಕ್ಷಣ. ಅದಕ್ಕೆ ಔಷಧಿ ಇಲ್ಲ, ಲಸಿಕೆ ಇದೆ. ಎಂಟು ವಾರ ದಾಟಿದ ಮೇಲೆ ಹಾಕಿಸುವ ಬಗ್ಗೆ ಪಶು ಆಸ್ಪತ್ರೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಹಕ್ಕಿಜ್ವರವೂ ಹೀಗೇ ಶುರುವಾಗಬಹುದು. ಕೇರಳದ ಆಲಪ್ಪುಳ ಕಡೆಯ ಬಾತುಗಳಲ್ಲಿ 2014ರಲ್ಲೂ 2021ರಲ್ಲೂ 2024ರಲ್ಲೂ ಅದು ಬಂದಿತ್ತು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ, ಹೊಂಡಕ್ಕೆ ಎಸೆಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ತಿಳಿಸಿ. ಕರೆ ಮಾಡುವಾಗ ಎಷ್ಟು ಬಾತು, ಎಷ್ಟು ಸತ್ತವು, ಯಾವಾಗಿನಿಂದ, ಕೊನೆಗೆ ಏನು ತಿಂದಿತ್ತು, ಈ ನಾಲ್ಕು ಹೇಳಿ.

ಗುಂಪಿಗೆ ವಾಪಸ್

ವಾಸಿಯಾಯಿತು ಅನ್ನಿಸಿದ ಮೇಲೂ ಎರಡು ದಿನ ತಡೆಯಿರಿ. ಹಿಕ್ಕೆ ಸರಿಯಾಗಿದೆಯೇ, ತಾನೇ ಪುಕ್ಕ ತಿದ್ದಿಕೊಳ್ಳುತ್ತಿದೆಯೇ ನೋಡಿ. ತೊಳೆದೂ ತೊಳೆದೂ ಪುಕ್ಕದ ಎಣ್ಣೆ ಹೋಗಿರುತ್ತದೆ. ನೇರ ಹೊಂಡಕ್ಕೆ ಬಿಟ್ಟರೆ ನೀರು ಹೀರಿ ಮುಳುಗುವುದುಂಟು. ಮೊದಲು ಬಾನಿಯಲ್ಲಿ ಹತ್ತು ನಿಮಿಷ ಬಿಟ್ಟು, ಮೈ ಮೇಲೆ ನೀರು ಮುತ್ತಾಗಿ ಉರುಳುತ್ತದೆಯೇ ನೋಡಿ. ಔಷಧಿ ಕೊಟ್ಟಿದ್ದರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ವೈದ್ಯರನ್ನೇ ಕೇಳಿ, ಆ ದಿನಾಂಕವನ್ನು ಗೂಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಕಪ್ಪಿಯನ್ನು ಹನ್ನೊಂದನೇ ದಿನ ಬಿಟ್ಟೆ. ಗಂಡು ಬಾತು ಗುರುತು ಸಿಗದ ಹಾಗೆ ಎರಡು ಸಲ ಕುಕ್ಕಿತು. ಅದಕ್ಕೇ ಈಗ ಸಂಜೆ ಕತ್ತಲಾಗುವ ಹೊತ್ತಿಗೆ ಬಿಡುತ್ತೇನೆ. ಕತ್ತಲಲ್ಲಿ ಜಗಳ ಕಡಿಮೆ, ಬೆಳಗ್ಗೆ ಎದ್ದಾಗ ಎಲ್ಲವೂ ಒಟ್ಟಿಗೇ ಇರುತ್ತವೆ.